ಮನೆಯ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್: ಒಳಗೆ ಕೂರಿಸುವುದೋ, ಹೊರಗೆ ಇಡುವುದೋ?

ವಿಂಡೋಸ್ ಕಂಪ್ಯೂಟರಿನಲ್ಲಿ ‘ದಿಸ್ ಪಿಸಿ’ ತೆರೆದಾಗ ಡ್ರೈವಿನ ಹೆಸರಿನ ಕೆಳಗೆ ಕಾಣುವ ನೀಲಿ ಪಟ್ಟಿಯು ಖಾಲಿ ಜಾಗ ಶೇಕಡಾ ಹತ್ತಕ್ಕಿಂತ ಕಡಿಮೆಯಾದೊಡನೆ ಕೆಂಪಗಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಹೊಸ ಹಾರ್ಡ್ ಡಿಸ್ಕಿನ ಯೋಚನೆ ಶುರುವಾಗುವುದೇ ಆ ಕೆಂಪು ಕಣ್ಣಿಗೆ ಬಿದ್ದ ಮೇಲೆ. ಅಂಗಡಿಯಲ್ಲಿ “ಇಂಟರ್ನಲ್ ಬೇಕೋ, ಎಕ್ಸ್‌ಟರ್ನಲ್ ಬೇಕೋ” ಎಂದು ಕೇಳಿದಾಗ ಅಲ್ಲಿಯೇ ನಿಂತು ಎರಡರ ಬೆಲೆ ನೋಡಿ ಉತ್ತರ ಹೇಳಿಬಿಡುವವರೇ ಬಹಳ. ಆದರೆ ಹೊಸ ಡಿಸ್ಕಿನ ಮೇಲೆ ಯಾವ ಫೈಲುಗಳು ಕೂರಲಿವೆ, ಆ ಫೈಲುಗಳಿಗೆ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ ಎಂಬ ಎರಡು ಸಂಗತಿಗಳು ತಿಳಿಯದೆ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ಆದ್ದರಿಂದ ಕೊಳ್ಳುವ ಮಾತನ್ನು ಸ್ವಲ್ಪ ಮುಂದಕ್ಕೆ ಹಾಕಿ, ಮನೆಯಲ್ಲಿಯೇ ಕುಳಿತು ಮಾಡಬಹುದಾದ ಲೆಕ್ಕದಿಂದ ಆರಂಭಿಸೋಣ.

ಹಂತ 1: ಕೊರತೆ ಯಾವುದರದ್ದು ಎಂದು ಗುರುತಿಸಿ

ಜಾಗದ ಕೊರತೆ, ವೇಗದ ಕೊರತೆ, ಸುರಕ್ಷಿತ ಪ್ರತಿಯ ಕೊರತೆ ಇವು ಮೂರೂ ಬೇರೆ ಬೇರೆ ತೊಂದರೆಗಳು. “ಕಂಪ್ಯೂಟರ್ ಸ್ಲೋ ಆಗಿದೆ, ಒಂದು ಎಕ್ಸ್‌ಟರ್ನಲ್ ತಗೊಂಡು ಫೋಟೋಗಳನ್ನೆಲ್ಲ ಅದಕ್ಕೆ ಹಾಕಿದರೆ ಸರಿಹೋಗುತ್ತದೆ” ಎಂಬ ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ. ಸಿ ಡ್ರೈವ್ ತೀರಾ ತುಂಬಿಹೋಗಿದ್ದರೆ ಮಾತ್ರ ಇದರಿಂದ ಸ್ವಲ್ಪ ಪ್ರಯೋಜನ ಕಾಣಬಹುದು. ವಿಂಡೋಸ್ ಇರುವುದೇ ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಮೇಲಾದರೆ ಎಷ್ಟು ಫೋಟೋ ಹೊರಗೆ ಹಾಕಿದರೂ ಕಂಪ್ಯೂಟರ್ ಚುರುಕಾಗುವುದಿಲ್ಲ.

ಅದರ ಕಾರಣ ಸರಳವಾಗಿದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. 7,200 ಸುತ್ತಿನದಾದರೆ ಸುಮಾರು 8. ಬೇಕಾದ ಮಾಹಿತಿಯು ಓದುವ ಹೆಡ್ಡಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ ಆ ಜಾಡಿಗೆ ಸರಿಯಬೇಕು. ವಿಂಡೋಸ್ ಆರಂಭವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಡಿಸ್ಕಿನ ಮೂಲೆಮೂಲೆಯಿಂದ ಓದುವುದರಿಂದ ಈ ಚಿಕ್ಕ ಕಾಯುವಿಕೆಗಳೆಲ್ಲ ಕೂಡಿ ನಿಮಿಷಗಳಾಗುತ್ತವೆ. ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಈ ಕಾಯುವಿಕೆಯೂ ಇಲ್ಲ. ಹಾಗಾಗಿ ನಿಮ್ಮ ದೂರು ವೇಗದ್ದಾದರೆ ಉತ್ತರ ಈ ಹಂತದಲ್ಲಿಯೇ ಸಿಕ್ಕಿತು: ಕ್ಯಾಬಿನೆಟ್ಟಿನ (ಕಂಪ್ಯೂಟರಿನ ಪೆಟ್ಟಿಗೆಯ) ಒಳಗೆ ಒಂದು ಎಸ್‌ಎಸ್‌ಡಿ, ವಿಂಡೋಸ್ ಅದರ ಮೇಲೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಮೇಲೆ ಕ್ಲಿಕ್ಕಿಸಿದರೆ ಈಗಿರುವುದು ಎಚ್‌ಡಿಡಿಯೋ (ತಿರುಗುವ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ ಎಂಬುದನ್ನು ಹೊಸ ವಿಂಡೋಸ್ ಆವೃತ್ತಿಗಳು ಅಲ್ಲಿಯೇ ಬರೆದು ತೋರಿಸುತ್ತವೆ.

ಜಾಗದ ಲೆಕ್ಕಕ್ಕೆ ಬಂದರೆ, ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಮೊದಲು ನೋಡಿಕೊಳ್ಳಿ. ವಿನ್‌ಡಿರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶವು ಇಡೀ ಡ್ರೈವನ್ನು ಬಣ್ಣದ ಚೌಕಗಳಾಗಿ ತೋರಿಸುತ್ತದೆ; ಫೈಲ್ ದೊಡ್ಡದಾದಷ್ಟೂ ಚೌಕವೂ ದೊಡ್ಡದು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಎರಡೆರಡು ಬಾರಿ ಇಳಿಸಿಕೊಂಡ ಸಿನಿಮಾಗಳು, ಫೋನಿನಿಂದ ಮೂರು ಸಲ ನಕಲಾದ ವಾಟ್ಸ್ಆ್ಯಪ್ ವಿಡಿಯೋಗಳು ಇಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ಅಳಿಸಿದ ಮೇಲೂ ಜಾಗ ಸಾಲದಿದ್ದರೆ ಮಾತ್ರ ಅದು ನಿಜವಾದ ಕೊರತೆ.

ಮೂರನೆಯದು ಪ್ರತಿಯ ಕೊರತೆ. ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ. ಮನೆಯ ಮದುವೆಯ ವಿಡಿಯೋ, ಮಕ್ಕಳ ಫೋಟೋ, ಜಮೀನಿನ ಪತ್ರಗಳ ಸ್ಕ್ಯಾನ್, ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳು ಇವೆಲ್ಲ ಒಂದೇ ಡಿಸ್ಕಿನ ಮೇಲಿದ್ದರೆ, ಆ ಡಿಸ್ಕಿನ ಆಯುಷ್ಯವೇ ಅವುಗಳ ಆಯುಷ್ಯ. ಒಂದೇ ಡಿಸ್ಕನ್ನು ಸಿ ಮತ್ತು ಡಿ ಎಂದು ಭಾಗ ಮಾಡಿ ಡಿ ಡ್ರೈವಿನಲ್ಲಿಟ್ಟ ಪ್ರತಿಯು ಪ್ರತಿ ಎನಿಸಿಕೊಳ್ಳುವುದಿಲ್ಲ. ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಮನೆಯ ಸ್ಥಿತಿ ಹೀಗಿದ್ದಲ್ಲಿ, ಬೇರೆ ಯಾವ ಆಸೆಯಿದ್ದರೂ ಮೊದಲು ಕೊಳ್ಳಬೇಕಾದದ್ದು ಎಕ್ಸ್‌ಟರ್ನಲ್ ಡ್ರೈವ್ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಂತ 2: ನಿಮ್ಮ ಯಂತ್ರ ಏನನ್ನು ಒಪ್ಪುತ್ತದೆ ಎಂದು ನೋಡಿ

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಆಗಿದ್ದರೆ ವಿದ್ಯುತ್ ಸಂಪರ್ಕ ತೆಗೆದು ಎಡಬದಿಯ ಬಾಗಿಲು ಬಿಚ್ಚಿ. ಭಾಗಗಳೆಲ್ಲ ಜೋಡಣೆಯಾಗಿರುವ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಅಂಚಿನಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರದಂತಹ ಸೀಳಿರುವ ಚಿಕ್ಕ ಸಾಕೆಟ್‌ಗಳು ಕಾಣುತ್ತವೆ. ಅವೇ ಡಿಸ್ಕ್ ಜೋಡಿಸುವ ಸಾಟಾ ಪೋರ್ಟುಗಳು. ಸಾಮಾನ್ಯವಾಗಿ ನಾಲ್ಕು ಅಥವಾ ಆರು ಇರುತ್ತವೆ. ಒಂದಾದರೂ ಖಾಲಿ ಇರಬೇಕು. ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಬರುವ ತಂತಿಗಳ ಕಟ್ಟಿನಲ್ಲಿ ಚಪ್ಪಟೆಯಾದ, ಸಾಟಾ ಪೋರ್ಟಿಗಿಂತ ಅಗಲವಾದ ಇನ್ನೊಂದು ‘ಎಲ್’ ಆಕಾರದ ಕನೆಕ್ಟರ್ ಖಾಲಿಯಿದೆಯೇ ಎಂದೂ ನೋಡಿ. ಅದು ಇಲ್ಲದಿದ್ದಾಗ ಹಳೆಯ ನಾಲ್ಕು ಪಿನ್ನಿನ ಕನೆಕ್ಟರಿಗೆ ಅಡಾಪ್ಟರ್ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಆ ಅಗ್ಗದ ಅಡಾಪ್ಟರುಗಳಲ್ಲಿ, ತಂತಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಎರಕ ಹೊಯ್ದಂತೆ ಮುಚ್ಚಿರುವ ಬಗೆಯವು ಒಳಗೇ ಶಾರ್ಟ್ ಆಗಿ ಕರಗಿದ, ಹೊತ್ತಿಕೊಂಡ ಉದಾಹರಣೆಗಳು ಸಾಕಷ್ಟಿವೆ. ಬೇರೆ ದಾರಿಯಿದ್ದರೆ ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಇತ್ತೀಚಿನ ಮದರ್‌ಬೋರ್ಡುಗಳಲ್ಲಿ ಚ್ಯೂಯಿಂಗ್ ಗಮ್ ಪಟ್ಟಿಯಂತಹ ಎಸ್‌ಎಸ್‌ಡಿ ಕೂರಿಸಲು ಎಂ.2 ಸ್ಲಾಟ್ ಇರುತ್ತದೆ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಕೆಲವು ಸ್ಲಾಟ್‌ಗಳು ಹೆಚ್ಚು ವೇಗದ ಎನ್‌ವಿಎಂಇ ಬಗೆಯದನ್ನು ಮಾತ್ರ, ಕೆಲವು ಸಾಟಾ ಬಗೆಯದನ್ನು ಮಾತ್ರ, ಇನ್ನು ಕೆಲವು ಎರಡನ್ನೂ ಒಪ್ಪುತ್ತವೆ; ನೋಡಲು ಎರಡೂ ಒಂದೇ ತರಹ ಇರುವುದರಿಂದ ಮದರ್‌ಬೋರ್ಡಿನ ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಕೈಪಿಡಿಯಲ್ಲಿ ನೋಡದೆ ಕೊಳ್ಳಬಾರದು. ಅದೇ ಕೈಪಿಡಿಯಲ್ಲಿ, ಎಂ.2 ಸ್ಲಾಟ್ ಬಳಸಿದರೆ ಇಂಥ ಸಂಖ್ಯೆಯ ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತದೆ ಎಂಬ ಟಿಪ್ಪಣಿ ಇರುವುದುಂಟು. ಹೊಸ ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಡಿಸ್ಕ್ ಕಾಣೆಯಾಯಿತೆಂದು ಗಾಬರಿಯಾಗುವ ಸಂದರ್ಭಗಳ ಹಿಂದೆ ಹೆಚ್ಚಾಗಿ ಇರುವುದು ಈ ಟಿಪ್ಪಣಿಯೇ.

ಲ್ಯಾಪ್‌ಟಾಪ್ ಮತ್ತು ಆಲ್-ಇನ್-ಒನ್ ಯಂತ್ರಗಳಲ್ಲಿ ಆಯ್ಕೆ ಕಿರಿದಾಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 2.5 ಇಂಚಿನ ಒಂದೇ ಜಾಗವಿರುವುದರಿಂದ ಹೊಸದನ್ನು ಸೇರಿಸಲು ಆಗುವುದಿಲ್ಲ, ಇದ್ದದ್ದನ್ನು ತೆಗೆದು ಬದಲಿಸಬೇಕಾಗುತ್ತದೆ. ಅದರ ದಪ್ಪವನ್ನೂ ಅಳೆಯಿರಿ: ತೆಳು ಲ್ಯಾಪ್‌ಟಾಪ್‌ಗಳಲ್ಲಿ 7 ಮಿಲಿಮೀಟರಿನದು ಮಾತ್ರ ಹಿಡಿಸುತ್ತದೆ, 9.5 ಮಿಲಿಮೀಟರಿನದು ಹಿಡಿಸುವುದಿಲ್ಲ. ಇತ್ತೀಚಿನ ಮ್ಯಾಕ್‌ಬುಕ್‌ಗಳಲ್ಲಿ ಒಳಗಿನ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುವುದರಿಂದ ಅವುಗಳಿಗೆ ಎಕ್ಸ್‌ಟರ್ನಲ್ ಒಂದೇ ದಾರಿ.

ಹೊರಗಿನ ಡ್ರೈವಿಗೆ ಯುಎಸ್‌ಬಿ ಪೋರ್ಟ್ ಮುಖ್ಯ. ಪೋರ್ಟಿನ ಒಳಗಿನ ನಾಲಿಗೆ ನೀಲಿ ಬಣ್ಣದ್ದಾದರೆ ಅದು ಹೆಚ್ಚಾಗಿ ಯುಎಸ್‌ಬಿ 3.0, ಕಪ್ಪಾದರೆ 2.0 ಇರಬಹುದು, ಆದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ 3.0 ಪೋರ್ಟಿಗೂ ಕಪ್ಪು ಬಣ್ಣವೇ ಇರುತ್ತದೆ. ಹೆಸರುಗಳ ಗೊಂದಲವನ್ನೂ ಒಂದೇ ಸಲಕ್ಕೆ ಬಿಡಿಸಿಕೊಳ್ಳಿ: ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಈ ಮೂರೂ ಸೆಕೆಂಡಿಗೆ 5 ಗಿಗಾಬಿಟ್ ವೇಗದ ಒಂದೇ ವಸ್ತುವಿಗೆ ಬೇರೆ ಬೇರೆ ಕಾಲದಲ್ಲಿ ಇಟ್ಟ ಹೆಸರುಗಳು.

ಹಂತ 3: ವೇಗ ಎಲ್ಲಿ ಮುಖ್ಯ, ಎಲ್ಲಿ ಅಲ್ಲ

500 ಜಿಬಿಯಷ್ಟು ಫೋಟೋ, ವಿಡಿಯೋಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ವಾಸ್ತವವಾಗಿ ಸೆಕೆಂಡಿಗೆ 35 ಎಂಬಿ ಆಸುಪಾಸು ಸಿಗುವುದರಿಂದ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಅದೇ ಡ್ರೈವನ್ನು 3.0 ಪೋರ್ಟಿಗೆ ಚುಚ್ಚಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಎರಡನೆಯ ಸಂದರ್ಭದಲ್ಲಿ ತಡೆಯುತ್ತಿರುವುದು ಯುಎಸ್‌ಬಿ ಅಲ್ಲ, ಪೆಟ್ಟಿಗೆಯೊಳಗೆ ತಿರುಗುತ್ತಿರುವ ಡಿಸ್ಕ್. ಅಂದರೆ ತಿರುಗುವ ಡಿಸ್ಕಿನ ಮಟ್ಟಿಗೆ ಒಳಗಿನದಕ್ಕೂ ಹೊರಗಿನದಕ್ಕೂ ಸಂಪರ್ಕದ ಕಾರಣಕ್ಕೆ ದೊಡ್ಡ ವ್ಯತ್ಯಾಸವಿಲ್ಲ, ಕ್ಯಾಬಿನೆಟ್ಟಿನೊಳಗಿನ 3.5 ಇಂಚಿನ 7,200 ಸುತ್ತಿನ ಡಿಸ್ಕ್ ಸೆಕೆಂಡಿಗೆ 150ರಿಂದ 200 ಎಂಬಿ ಕೊಡುವುದಕ್ಕೆ ಅದರ ಗಾತ್ರ ಮತ್ತು ಸುತ್ತುವ ವೇಗವೇ ಕಾರಣ.

ಎಸ್‌ಎಸ್‌ಡಿಯಲ್ಲಿ ಕಥೆ ಬೇರೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ, ಎನ್‌ವಿಎಂಇ ಬಗೆಯದು ಅದರ ಹಲವು ಪಟ್ಟು ಓದಬಲ್ಲದು. ವಿಂಡೋಸ್, ತಂತ್ರಾಂಶಗಳು, ಎಡಿಟ್ ಮಾಡುತ್ತಿರುವ ವಿಡಿಯೋ, ಆಟಗಳು ಇವುಗಳಿಗೆ ಈ ವೇಗ ಕೈಗೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ತೆಗೆದು ನೋಡುವ ಫೋಟೋ ಆಲ್ಬಮ್ಮಿಗೆ ಅದರ ಅಗತ್ಯವೇ ಇಲ್ಲ.

ಹಂತ 4: ತೀರ್ಮಾನ

ಮೇಲಿನ ಮೂರು ಹಂತಗಳಲ್ಲಿ ಸಿಕ್ಕ ಉತ್ತರಗಳನ್ನು ಎದುರಿಗಿಟ್ಟುಕೊಂಡರೆ ಹೆಚ್ಚಿನ ಮನೆಗಳ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ದಿನವೂ ತೆರೆಯುವ, ಕಂಪ್ಯೂಟರ್ ಚಾಲೂ ಇರುವಷ್ಟು ಹೊತ್ತೂ ಬೇಕಾಗುವ ಫೈಲುಗಳು ಒಳಗಿರಲಿ. ಪ್ರತಿಗಳು ಹೊರಗಿರಲಿ. ಡೆಸ್ಕ್‌ಟಾಪಿನ ಜಾಗ ತುಂಬಿದ್ದು, ಎಲ್ಲದಕ್ಕೂ ಈಗಾಗಲೇ ಒಂದು ಪ್ರತಿ ಇದ್ದರೆ, ಒಳಗೆ 3.5 ಇಂಚಿನ ದೊಡ್ಡ ಡಿಸ್ಕ್ ಹಾಕಿಸುವುದು ಒಂದೊಂದು ಟಿಬಿಗೆ (ಸಾವಿರ ಜಿಬಿಗೆ) ಬೀಳುವ ಖರ್ಚಿನ ದೃಷ್ಟಿಯಿಂದಲೂ ಲಾಭಕರ. ತಂತಿ ಎಡವಿ ಕೀಳುವ, ಮಕ್ಕಳ ಕೈಗೆ ಸಿಕ್ಕಿ ಬೀಳುವ ಭಯವೂ ಅದಕ್ಕಿಲ್ಲ.

ಯಂತ್ರವೇ ಹಳತಾಗಿ ಒಂದೆರಡು ವರ್ಷಗಳಲ್ಲಿ ಬದಲಾಗಲಿದ್ದರೆ ಲೆಕ್ಕ ತಿರುಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಪ್ರೊಸೆಸರಿನ ಕಂಪ್ಯೂಟರ್ ನಿಮ್ಮದಾದರೆ ಅದರೊಳಗೆ ದೊಡ್ಡ ಮೊತ್ತ ಸುರಿಯುವುದಕ್ಕಿಂತ, ಮುಂದಿನ ಯಂತ್ರಕ್ಕೂ ಜೊತೆಯಾಗಿ ಬರುವ ಎಕ್ಸ್‌ಟರ್ನಲ್ ಡ್ರೈವ್ ಕೊಳ್ಳುವುದು ಜಾಣತನ. ಮನೆಯಲ್ಲಿ ಎರಡು ಮೂರು ಲ್ಯಾಪ್‌ಟಾಪ್‌ಗಳಿದ್ದು ಫೈಲುಗಳು ಓಡಾಡುತ್ತಿದ್ದರೂ, ಟಿವಿಗೆ ಚುಚ್ಚಿ ಸಿನಿಮಾ ನೋಡುವ ಅಭ್ಯಾಸವಿದ್ದರೂ ಹೊರಗಿನದೇ ಸರಿ.

ಮೂರನೆಯ ದಾರಿಯೊಂದಿದೆ, ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಇಂಟರ್ನಲ್ ಡ್ರೈವ್ ಒಂದನ್ನು ಕೊಂಡು, ಅದಕ್ಕೆ ಹೊಂದುವ ಯುಎಸ್‌ಬಿ ಕೇಸನ್ನು (ಡ್ರೈವ್ ಕೂರಿಸುವ ಹೊರಪೆಟ್ಟಿಗೆ) ಬೇರೆಯಾಗಿ ಕೊಂಡು ನೀವೇ ಎಕ್ಸ್‌ಟರ್ನಲ್ ಮಾಡಿಕೊಳ್ಳಬಹುದು. 2.5 ಇಂಚಿನ ಡ್ರೈವಿಗೆ ಯುಎಸ್‌ಬಿಯಿಂದ ಬರುವ ವಿದ್ಯುತ್ತೇ ಸಾಕು, 3.5 ಇಂಚಿನದಕ್ಕೆ 12 ವೋಲ್ಟಿನ ಅಡಾಪ್ಟರ್ ಇರುವ ಕೇಸ್ ಬೇಕು. ಇದರ ದೊಡ್ಡ ಅನುಕೂಲ ಕೇಸ್ ಕೆಟ್ಟಾಗ ಗೊತ್ತಾಗುತ್ತದೆ: ಡಿಸ್ಕನ್ನು ತೆಗೆದು ಇನ್ನೊಂದು ಕೇಸಿಗೋ, ನೇರವಾಗಿ ಸಾಟಾ ಪೋರ್ಟಿಗೋ ಹಾಕಿದರೆ ಫೈಲುಗಳು ಸಾಮಾನ್ಯವಾಗಿ ಸಿಗುತ್ತವೆ. ಕಂಪನಿಯಿಂದಲೇ ಮುಚ್ಚಿ ಬರುವ ಹಲವು ಪೋರ್ಟಬಲ್ ಡ್ರೈವ್‌ಗಳಲ್ಲಿ ಯುಎಸ್‌ಬಿ ಕನೆಕ್ಟರನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಸಾಟಾ ಪೋರ್ಟೇ ಇರುವುದಿಲ್ಲ. ಆ ಪುಟ್ಟ ಕನೆಕ್ಟರ್ ಅಲುಗಾಡಿ ಕಿತ್ತುಬಂದರೆ ಒಳಗಿನ ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಓದಲು ಬೇರೆ ಬಾಗಿಲು ಇಲ್ಲ.

ಹಂತ 5: ಯಾವ ಗಾತ್ರ, ಯಾವ ಬಗೆ

ಒಂದು ಟಿಬಿ ಎಂದು ಕೊಂಡ ಡ್ರೈವನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಇದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಒಂದು ಫೋಟೋ ಸರಾಸರಿ 4 ಎಂಬಿ ಎಂದುಕೊಂಡರೆ 25,000 ಫೋಟೋಗಳಿಗೆ 100 ಜಿಬಿ ಸಾಕು. ಜಾಗ ತಿನ್ನುವುದು ವಿಡಿಯೋಗಳೇ. ಈಗಿರುವ ಫೈಲುಗಳ ಒಟ್ಟು ಗಾತ್ರದ ಎರಡು ಪಟ್ಟಾದರೂ ಇರುವ ಡ್ರೈವ್ ಕೊಳ್ಳುವುದು ನಾನು ಸೂಚಿಸುವ ಅಳತೆ. ಬ್ಯಾಕಪ್ಪಿಗಾಗಿ ಕೊಳ್ಳುವ ಎಕ್ಸ್‌ಟರ್ನಲ್ ಅಂತೂ ಒಳಗಿನ ಡಿಸ್ಕುಗಳೆಲ್ಲ ಸೇರಿದ್ದಕ್ಕಿಂತ ಚಿಕ್ಕದಿರಬಾರದು.

2 ಟಿಬಿಗಿಂತ ದೊಡ್ಡ ಡಿಸ್ಕ್ ಕೊಂಡರೆ ಅದರ ಭಾಗಗಳ ಪಟ್ಟಿಯನ್ನು ಜಿಪಿಟಿ ಎಂಬ ಹೊಸ ವಿಧಾನದಲ್ಲಿ ಸಿದ್ಧಗೊಳಿಸಬೇಕು. ಹಳೆಯ ಎಂಬಿಆರ್ ವಿಧಾನಕ್ಕೆ ಅದಕ್ಕಿಂತ ಹೆಚ್ಚಿನ ಜಾಗ ಕಾಣುವುದಿಲ್ಲ.

ತಿರುಗುವ ಡಿಸ್ಕುಗಳಲ್ಲಿ ಸಿಎಂಆರ್, ಎಸ್‌ಎಂಆರ್ ಎಂಬ ಎರಡು ಬಗೆಗಳಿವೆ. ಸಿಎಂಆರ್ ಬಗೆಯಲ್ಲಿ ಬರೆಯುವ ಜಾಡುಗಳು ಒಂದರ ಮೇಲೊಂದು ಬಾರದೆ ಪಕ್ಕಪಕ್ಕದಲ್ಲಿರುತ್ತವೆ. ಎಸ್‌ಎಂಆರ್ ಬಗೆಯಲ್ಲಿ ಬರೆಯುವ ಜಾಡುಗಳನ್ನು ಮನೆಯ ಮಾಡಿಗೆ ಹಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿರುತ್ತಾರೆ. ನಡುವಿನ ಒಂದು ಹಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಾಗುವ ಹಾಗೆ, ಒಂದು ಜಾಡನ್ನು ತಿದ್ದಲು ಪಕ್ಕದ ಜಾಡುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಹಾಗಾಗಿ ಒಮ್ಮೆ ಬರೆದು ಆಗಾಗ ಓದುವ ಕೆಲಸಕ್ಕೆ, ಎಂದರೆ ಬ್ಯಾಕಪ್ಪಿಗೆ, ಅದು ಸಾಕು. ಸದಾ ಬರೆದು ಅಳಿಸುವ ಕೆಲಸಕ್ಕೆ ತಡವರಿಸುತ್ತದೆ. ದೊಡ್ಡ ಗಾತ್ರದ ಪೋರ್ಟಬಲ್ ಡ್ರೈವ್‌ಗಳಲ್ಲಿ ಬಹುಪಾಲು ಎಸ್‌ಎಂಆರ್ ಬಗೆಯವೇ. ಕ್ಯಾಬಿನೆಟ್ಟಿನೊಳಗೆ ದಿನಬಳಕೆಗೆ ಹಾಕುವ ಡಿಸ್ಕ್ ಸಿಎಂಆರ್ ಆಗಿರುವಂತೆ ತಯಾರಕರ ವಿವರಪಟ್ಟಿ ನೋಡಿ ಆರಿಸಿ.

ಹೊರಗಿನದು ಎಸ್‌ಎಸ್‌ಡಿಯಾಗಿರಬೇಕೇ? ಬ್ಯಾಗಿನಲ್ಲಿ ಹೊತ್ತು ತಿರುಗುವವರಿಗೆ ಹೌದು, ಕೈಜಾರಿ ಬಿದ್ದರೂ ಅದು ಸಾಮಾನ್ಯವಾಗಿ ಉಳಿಯುತ್ತದೆ. ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಮುಟ್ಟದೆ ಬಿಡುವವರಿಗೆ ಬೇಡ. ಎಸ್‌ಎಸ್‌ಡಿಯ ಕೋಶಗಳಲ್ಲಿರುವ ವಿದ್ಯುದಂಶ ಬಹುಕಾಲ ಚಾಲನೆಯಿಲ್ಲದಿದ್ದರೆ ನಿಧಾನವಾಗಿ ಸೋರಿಹೋಗುತ್ತದೆ.

ಹಂತ 6: ಕೊಳ್ಳುವಾಗ ಮತ್ತು ಮನೆಗೆ ತಂದ ದಿನ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಕೊಂಡರೂ, ಆನ್‌ಲೈನಿನಲ್ಲಿ ತರಿಸಿದರೂ ಜಿಎಸ್‌ಟಿ ಬಿಲ್ಲಿನಲ್ಲಿ ಡ್ರೈವಿನ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಅದೇ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನವರೆಗೆ ಇದೆ ಎಂದು ತೋರಿಸುತ್ತದೆ. ಹೊಸತೆಂದು ಕೊಂಡದ್ದಕ್ಕೆ ವಾರಂಟಿ ಈಗಾಗಲೇ ಮುಗಿದಿದೆ ಅಥವಾ ಭಾರತದಲ್ಲಿ ಅನ್ವಯಿಸುವುದಿಲ್ಲ ಎಂದು ಬಂದರೆ ಆ ದಿನವೇ ಹಿಂತಿರುಗಿಸಿ.

ಬಳಸಿದ ಡಿಸ್ಕನ್ನು ಹೊಸತೆಂದು ಮಾರುವುದನ್ನು ಪತ್ತೆ ಹಚ್ಚಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ‘ಪವರ್ ಆನ್ ಅವರ್ಸ್’ ಎಂಬಲ್ಲಿ ಡಿಸ್ಕ್ ಇದುವರೆಗೆ ಎಷ್ಟು ಗಂಟೆ ಓಡಿದೆ ಎಂಬುದು ಕಾಣುತ್ತದೆ. ಹೊಸದರಲ್ಲಿ ಅದು ಸೊನ್ನೆ ಅಥವಾ ಒಂದೆರಡು ಇರಬೇಕು. ಸಿಸಿಟಿವಿಯ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯೊಳಗೆ ಹಗಲೂ ರಾತ್ರಿ ಓಡಿದ ಡಿಸ್ಕಾದರೆ ವರ್ಷಕ್ಕೆ 8,760 ಗಂಟೆ ದಾಖಲಾಗಿರುತ್ತದೆ. ಈ ಎಣಿಕೆಯನ್ನೂ ಅಳಿಸಿ ಮಾರುವವರಿದ್ದಾರೆ; ಆದ್ದರಿಂದ ಸ್ಕ್ರೂ ತೂತುಗಳ ಸುತ್ತ ಗೀರು, ಕನೆಕ್ಟರಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಉಜ್ಜಿದ ಗುರುತು ಇವೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ನಂಬಲಾಗದಷ್ಟು ಅಗ್ಗದ ಬೆಲೆಗೆ ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಎಂದು ಕಾಣುವ ಜಾಹೀರಾತುಗಳಿಗೆ ಮರುಳಾಗಬೇಡಿ. ಇಂತಹವುಗಳ ಪೆಟ್ಟಿಗೆ ಬಿಚ್ಚಿದವರಿಗೆ ಒಳಗೆ ಸಿಕ್ಕಿರುವುದು ಹೆಚ್ಚಾಗಿ ಚಿಕ್ಕ ಮೆಮೊರಿ ಕಾರ್ಡ್. ಸುಳ್ಳು ಗಾತ್ರ ತೋರಿಸುವಂತೆ ತಿದ್ದಿರುವುದರಿಂದ ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಹಾಳಾಗುತ್ತದೆ. ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡ್ರೈವನ್ನು ತುಂಬಿಸಿ ಮರಳಿ ಓದಿಸಿ ಪರೀಕ್ಷಿಸಿ. ಸಮಯ ಹಿಡಿಯುತ್ತದೆ, ಆದರೆ ಸತ್ಯ ಹೊರಬರುತ್ತದೆ.

ಹಂತ 7: ಒಳಗಿನದನ್ನು ಕೂರಿಸುವ ಕ್ರಮ

ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆರಿಸಿ, ಹಿಂದಿನ ಪವರ್ ತಂತಿಯನ್ನು ಕಿತ್ತು, ಒಮ್ಮೆ ಪವರ್ ಬಟನ್ ಒತ್ತಿ ಉಳಿದ ವಿದ್ಯುತ್ತನ್ನು ಹರಿಸಿಬಿಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಳ್ಳಿ. ಡಿಸ್ಕನ್ನು ಅದು ಕೂರುವ ಗೂಡಿನೊಳಗೆ (ಬೇ) ಜಾರಿಸಿ ಎರಡೂ ಬದಿ ಸ್ಕ್ರೂ ಹಾಕಿ, 3.5 ಇಂಚಿನದಕ್ಕೆ ದಪ್ಪ ಎಳೆಯ ಸ್ಕ್ರೂ, 2.5 ಇಂಚಿನದಕ್ಕೆ ಸಣ್ಣ ಎಳೆಯ ಸ್ಕ್ರೂ ಬೇಕು, ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಎಳೆ ಕೆಡುತ್ತದೆ. ಸಾಟಾ ಕೇಬಲ್ ಡಿಸ್ಕಿನ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮೇಲಿನಿಂದ ಮೆಲ್ಲಗೆ ಒತ್ತಿ, ತುದಿಯಲ್ಲಿ ಒಂದೇ ಒಂದು ಪುಟ್ಟ ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಮದರ್‌ಬೋರ್ಡಿನ ಡಬ್ಬಿಯಲ್ಲಿ ಬಂದಿರುತ್ತದೆ; ಡಬ್ಬಿ ಎಸೆದಿದ್ದರೆ ಅಂಗಡಿಯಲ್ಲಿ ಎಸ್‌ಎಸ್‌ಡಿ ಕೊಳ್ಳುವಾಗಲೇ ಒಂದು ಕೇಳಿ ಪಡೆಯಿರಿ.

ಹೊಸ ಡಿಸ್ಕ್ ಹಾಕಿ ಕಂಪ್ಯೂಟರ್ ಚಾಲೂ ಮಾಡಿದ ಮೇಲೆ ‘ದಿಸ್ ಪಿಸಿ’ಯಲ್ಲಿ ಅದು ಕಾಣುವುದಿಲ್ಲ. ಕೆಟ್ಟದ್ದನ್ನು ಕೊಟ್ಟರೆಂದು ಅಂಗಡಿಗೆ ಓಡಬೇಕಾಗಿಲ್ಲ. ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಇನಿಷಿಯಲೈಸ್ ಮಾಡಲೇ (ಬಳಕೆಗೆ ಅಣಿಗೊಳಿಸಲೇ) ಎಂದು ಅದೇ ಕೇಳುತ್ತದೆ. ಜಿಪಿಟಿ ಆರಿಸಿ, ಕಪ್ಪು ಪಟ್ಟಿಯಾಗಿ ಕಾಣುವ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಟ್ಟು ಎನ್‌ಟಿಎಫ್‌ಎಸ್‌ಗೆ (ಫೈಲುಗಳನ್ನು ಜೋಡಿಸಿಡುವ ವಿಂಡೋಸಿನ ಕ್ರಮ) ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಮುಗಿಯಿತು. ಫಾರ್ಮ್ಯಾಟ್ ಕೊಡುವ ಮುನ್ನ ಗಾತ್ರ ನೋಡಿ ಡಿಸ್ಕ್ 0, ಡಿಸ್ಕ್ 1ರಲ್ಲಿ ಹೊಸದು ಯಾವುದೆಂದು ಎರಡು ಸಲ ಖಚಿತಪಡಿಸಿಕೊಳ್ಳಿ.

ಹೊಸ ಎಸ್‌ಎಸ್‌ಡಿಗೆ ವಿಂಡೋಸನ್ನೇ ಹೊಸದಾಗಿ ಹಾಕುವುದಾದರೆ ಆ ಹೊತ್ತಿಗೆ ಹಳೆಯ ಡಿಸ್ಕಿನ ಸಾಟಾ ಕೇಬಲ್ ಕಳಚಿಡಿ. ಎರಡೂ ಜೋಡಣೆಯಾಗಿದ್ದರೆ ಕಂಪ್ಯೂಟರ್ ಆರಂಭವಾಗಲು ಬೇಕಾದ ಬೂಟ್ ಫೈಲುಗಳನ್ನು ವಿಂಡೋಸ್ ಹಳೆಯ ಡಿಸ್ಕಿನ ಮೇಲೆಯೇ ಬರೆದುಬಿಡುವುದುಂಟು. ಮುಂದೊಂದು ದಿನ ಹಳೆಯದನ್ನು ತೆಗೆದಾಗ ಹೊಸದು ಏಳುವುದಿಲ್ಲ.

ಹಂತ 8: ಹೊರಗಿನದನ್ನು ಸಿದ್ಧಗೊಳಿಸುವ ಕ್ರಮ

ವಿಂಡೋಸ್ ಕಂಪ್ಯೂಟರುಗಳಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್ ಇರಲಿ. ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ಮ್ಯಾಕ್ ಯಂತ್ರ ಎನ್‌ಟಿಎಫ್‌ಎಸ್ ಡ್ರೈವನ್ನು ಓದುತ್ತದೆಯೇ ಹೊರತು ತಾನಾಗಿ ಬರೆಯುವುದಿಲ್ಲ. ಹಳೆಯ ಫ್ಯಾಟ್32 ಬೇಡವೇ ಬೇಡ, ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಕೂರುವುದಿಲ್ಲ, ಮದುವೆಯ ದೊಡ್ಡ ವಿಡಿಯೋ ನಕಲಾಗುವುದೇ ಇಲ್ಲ. ಡ್ರೈವ್ ಚುಚ್ಚಿದಾಗ ಟಿಕ್ ಟಿಕ್ ಸದ್ದು ಮಾಡಿ ಕಾಣದೆ ಹೋದರೆ ಕ್ಯಾಬಿನೆಟ್ಟಿನ ಮುಂಬದಿಯ ಪೋರ್ಟ್ ಬಿಟ್ಟು ಹಿಂಬದಿಯ, ನೇರವಾಗಿ ಮದರ್‌ಬೋರ್ಡಿನಲ್ಲಿರುವ ಪೋರ್ಟಿಗೆ, ಗಿಡ್ಡ ಕೇಬಲಿನಿಂದ ಚುಚ್ಚಿ ನೋಡಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಉದ್ದದ ತೆಳು ಕೇಬಲಿನಲ್ಲಿ ವೋಲ್ಟೇಜ್ ಇಳಿದು ಡಿಸ್ಕ್ ತಿರುಗಲು ತ್ರಾಣ ಸಾಲದೆ ಹೋಗುತ್ತದೆ. ಅಲ್ಲಿಯೂ ಅದೇ ಸದ್ದು ಮುಂದುವರಿದರೆ ತಕ್ಷಣ ಕಿತ್ತಿಡಿ. ಅದು ಹೆಡ್ ಕೆಟ್ಟಿರುವ ಲಕ್ಷಣವಿರಬಹುದು, ಪದೇ ಪದೇ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚು.

ನಂತರ ಬ್ಯಾಕಪ್. ಕಂಟ್ರೋಲ್ ಪ್ಯಾನೆಲ್ಲಿನ ‘ಫೈಲ್ ಹಿಸ್ಟರಿ’ಯನ್ನು ಈ ಡ್ರೈವಿಗೆ ಜೋಡಿಸಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಫೋಲ್ಡರುಗಳ ಹಳೆಯ ಆವೃತ್ತಿಗಳನ್ನೂ ಉಳಿಸುತ್ತಾ ಹೋಗುತ್ತದೆ. ಡಿ ಡ್ರೈವಿನಲ್ಲಿ ನೀವೇ ಮಾಡಿಕೊಂಡ ಫೋಲ್ಡರುಗಳನ್ನು ಅದು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವಿಂಡೋಸಿನ ‘ಲೈಬ್ರರಿ’ ಎಂಬ ಫೋಲ್ಡರ್ ಪಟ್ಟಿಗೆ ಸೇರಿಸಬೇಕು. ಅಷ್ಟು ತಲೆನೋವು ಬೇಡವೆನ್ನುವವರಿಗೆ ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶ ಅನುಕೂಲ: ಎಡಕ್ಕೆ ಒಳಗಿನ ಫೋಲ್ಡರ್, ಬಲಕ್ಕೆ ಹೊರಗಿನದು, ವ್ಯತ್ಯಾಸವಿರುವ ಫೈಲುಗಳಷ್ಟೇ ನಕಲಾಗುತ್ತವೆ.

ಇಲ್ಲೊಂದು ಬಲೆಯಿದೆ. ಜಾಗ ಇದೆಯಲ್ಲ ಎಂದು ಕಂಪ್ಯೂಟರಿನಿಂದ ಫೋಟೋಗಳನ್ನು ಕಟ್ ಮಾಡಿ ಎಕ್ಸ್‌ಟರ್ನಲ್ಲಿಗೆ ಪೇಸ್ಟ್ ಮಾಡಿದ ಗಳಿಗೆಯಿಂದ ಅದು ಬ್ಯಾಕಪ್ ಆಗಿ ಉಳಿಯುವುದಿಲ್ಲ. ಆಗ ನಿಮ್ಮಲ್ಲಿರುವುದು ಒಂದೇ ಪ್ರತಿ, ಅದೂ ಮೇಜಿನಿಂದ ಬೀಳಬಹುದಾದ ಪೆಟ್ಟಿಗೆಯಲ್ಲಿ. ಜಾಗ ಮಾಡಿಕೊಳ್ಳಲು ಹೊರಗೆ ಹಾಕಲೇಬೇಕಾದರೆ ಎರಡು ಡ್ರೈವ್ ಬೇಕು.

ಹಂತ 9: ಕರೆಂಟು, ಸಿಡಿಲು, ತೇವ

ಒಳಗಿನ ಡಿಸ್ಕಿಗೂ ಹೊರಗಿನದಕ್ಕೂ ನಮ್ಮ ಕಡೆ ನಿಜವಾದ ವ್ಯತ್ಯಾಸ ಮಾಡುವುದು ವೇಗಕ್ಕಿಂತ ಹೆಚ್ಚಾಗಿ ಇವು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನಿಂದ ವಿದ್ಯುತ್ ಮಾರ್ಗದಲ್ಲಿ ಬರುವ ಹೊಡೆತಕ್ಕೆ ಸಿಕ್ಕರೆ ಎಸ್‌ಎಂಪಿಎಸ್ ಮೂಲಕ ಕ್ಯಾಬಿನೆಟ್ಟಿನೊಳಗಿನ ಡಿಸ್ಕುಗಳೆಲ್ಲ ಒಟ್ಟಿಗೆ ಸುಡಬಹುದು. ಒಳಗೆ ಎರಡು ಡಿಸ್ಕ್ ಹಾಕಿ ಒಂದರ ಪ್ರತಿಯನ್ನು ಇನ್ನೊಂದರಲ್ಲಿ ಇಟ್ಟಿದ್ದರೂ ಆಗ ಉಪಯೋಗವಿಲ್ಲ. ಕಿತ್ತು ಬೀರುವಿನಲ್ಲಿಟ್ಟ ಎಕ್ಸ್‌ಟರ್ನಲ್ ಡ್ರೈವಿಗೆ ಆ ಹೊಡೆತ ತಟ್ಟುವುದಿಲ್ಲ. ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಆ ಹೊತ್ತಿನಲ್ಲಿ ಜೋಡಣೆಯಾಗಿರುವ ಡ್ರೈವ್‌ಗಳನ್ನೆಲ್ಲ ಹುಡುಕಿ ಕೆಡಿಸುತ್ತದೆ. ಆದ್ದರಿಂದ ಬ್ಯಾಕಪ್ ಮುಗಿದೊಡನೆ ‘ಸೇಫ್ಲಿ ರಿಮೂವ್’ ಕೊಟ್ಟು ಡ್ರೈವನ್ನು ಕೀಳುವುದು ನಿಮ್ಮ ರೂಢಿಯಾಗಲಿ. ಸದಾ ಚುಚ್ಚಿಟ್ಟ ಎಕ್ಸ್‌ಟರ್ನಲ್ ಡ್ರೈವಿಗೆ ಒಳಗಿನದರ ಅಪಾಯಗಳೆಲ್ಲ ಇವೆ, ಅನುಕೂಲಗಳಿಲ್ಲ.

ಮನೆಯ ಇನ್ವರ್ಟರಿನ ಮೇಲೆ ಡೆಸ್ಕ್‌ಟಾಪ್ ನಡೆಸುವವರು, ಕರೆಂಟ್ ಹೋದಾಗ ಅದು ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಸ್ವಿಚ್ಚನ್ನು ‘ಯುಪಿಎಸ್’ ಸ್ಥಾನಕ್ಕೆ ಸರಿಸಿ ನೋಡಲಿ. ಆ ಸ್ಥಾನದಲ್ಲಿ ವಿದ್ಯುತ್ ಬದಲಾಯಿಸುವ ಅವಧಿ ಕಡಿಮೆ. ಆಗಲೂ ನಿಲ್ಲದಿದ್ದರೆ ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಬೇಕು. ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಒಳಗಿನದು, ಹೊರಗಿನದು ಎಂಬ ಭೇದವಿಲ್ಲದೆ ಫೈಲುಗಳು ಕೆಡಬಹುದು.

ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸಿಗೂ ಬೂಷ್ಟು ಹಿಡಿಯುವ ಮಲೆನಾಡು, ಕರಾವಳಿಯ ಊರುಗಳಲ್ಲಿ ಎಕ್ಸ್‌ಟರ್ನಲ್ ಡ್ರೈವನ್ನು ಬಟ್ಟೆಯ ಬೀರುವಿನಲ್ಲಿ ಹಾಗೆಯೇ ಇಡಬೇಡಿ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಾಳಿಯ ಒತ್ತಡ ಸರಿದೂಗಿಸಲು ಫಿಲ್ಟರ್ ಇರುವ ಚಿಕ್ಕ ರಂಧ್ರವಿರುತ್ತದೆ, ಬೋರ್ಡ್ ಮತ್ತು ಕನೆಕ್ಟರುಗಳಂತೂ ಹೊರಗಾಳಿಗೆ ತೆರೆದೇ ಇರುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಪೊಟ್ಟಣಗಳನ್ನು ಮಳೆಗಾಲದ ಮಧ್ಯದಲ್ಲಿ ಒಮ್ಮೆ ಬದಲಿಸಿ.

ಹಂತ 10: ವರ್ಷಕ್ಕೆ ಎರಡು ಮೂರು ಬಾರಿಯ ತಪಾಸಣೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಕಚ್ಚಾ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆಯಾಗಿರುವುದನ್ನು ನೋಡಿಕೊಳ್ಳಿ. ಮೊದಲನೆಯದು ಕೆಟ್ಟುಹೋದ ಕಾರಣ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳ (ಡಿಸ್ಕಿನ ಪುಟ್ಟ ತುಣುಕುಗಳ) ಎಣಿಕೆ, ಎರಡನೆಯದು ಅನುಮಾನದಲ್ಲಿರುವವು, ಮೂರನೆಯದು ತಿದ್ದಲಾಗದವು. ಈ ಸಂಖ್ಯೆಗಳು ಏರುತ್ತಿದ್ದರೆ ಡಿಸ್ಕ್ ಸದ್ಯಕ್ಕೆ ಸರಿಯಾಗಿ ನಡೆಯುತ್ತಿದ್ದರೂ ಬದಲಿಸುವ ಹೊತ್ತು ಬಂದಿದೆ. ಸಿ7 ಎಂಬ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕನ್ನು ದೂರುವ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಿ, ಹೆಚ್ಚಿನ ಸಲ ತಪ್ಪು ಅಲ್ಲಿರುತ್ತದೆ. ಜೊತೆಗೆ, ಬ್ಯಾಕಪ್ ಡ್ರೈವಿನಿಂದ ಯಾವುದಾದರೂ ಹಳೆಯ ವಿಡಿಯೋ ಒಂದನ್ನು ಮರಳಿ ಕಂಪ್ಯೂಟರಿಗೆ ನಕಲಿಸಿ ಕೊನೆಯವರೆಗೆ ಓಡಿಸಿ ನೋಡಿ. ಪ್ರತಿ ಇದೆ ಎಂಬುದಕ್ಕೆ ಅದನ್ನು ತೆರೆದು ನೋಡುವುದೊಂದೇ ಪುರಾವೆ.

ಬದಲಿಸಿ ತೆಗೆದ ಹಳೆಯ ಡಿಸ್ಕ್ ಆರೋಗ್ಯವಾಗಿದ್ದರೆ ಒಂದು ಕೇಸಿನೊಳಗೆ ಹಾಕಿ ಎರಡನೆಯ ಪ್ರತಿಗೆ ಬಳಸಿ, ಸಾಧ್ಯವಾದರೆ ಅದನ್ನು ಬೇರೆ ಮನೆಯಲ್ಲಿ, ಅಣ್ಣನದೋ ಅತ್ತೆಯದೋ, ಇಡಿ. ಮಾರುವುದಾದರೆ ಅಥವಾ ಇ-ತ್ಯಾಜ್ಯಕ್ಕೆ ಕೊಡುವುದಾದರೆ, ಅದಕ್ಕೂ ಮೊದಲು ಕ್ವಿಕ್ ಫಾರ್ಮ್ಯಾಟ್ ಆಯ್ಕೆಯ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ಆಗ ವಿಂಡೋಸ್ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಕ್ವಿಕ್ ಫಾರ್ಮ್ಯಾಟಿನಲ್ಲಿ ಅಳಿಯುವುದು ಫೈಲುಗಳ ಪಟ್ಟಿ ಮಾತ್ರ, ನಿಮ್ಮ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್‌ಗಳು ಡಿಸ್ಕಿನ ಮೇಲೆಯೇ ಇರುತ್ತವೆ.